ಕಂಪ್ಯೂಟರಿನೊಳಗಿನ ತುಕಡೇಬಂದಿ

ಮಲಪ್ರಭೆಗೆ ಕೆಂಪು ನೀರು ಬಂದ ಆಷಾಢದ ಒಂದು ಸಂಜೆ. ಖಾನಾಪುರದ ಹಂಚಿನ ಮನೆಯೊಂದರ ಪಡಸಾಲೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಕಂಪ್ಯೂಟರಿನ ಮುಂದೆ ಕುಳಿತು, ಪರದೆಯ ಮೇಲಿನ ಕೆಂಪು ನೀಲಿ ಗೆರೆಗಳನ್ನು ದಿಟ್ಟಿಸುತ್ತಿದ್ದಾರೆ. ಇದು ಗೊತ್ತಾದ ಒಂದು ಮನೆಯ ವೃತ್ತಾಂತವಲ್ಲ. ಬೆಳಗಾವಿ ಸೀಮೆಯ ಎಷ್ಟೋ ಮನೆಗಳಿಗೆ ಹೊಂದಬಹುದಾದ ಕಲ್ಪನೆಯ ಚಿತ್ರ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ತನಗಾಗಿ ಹೊಸ ಯಂತ್ರವನ್ನು ಕೊಂಡಾಗ, ಹಳೆಯದನ್ನು ತಂದೆಗೆ ಕಳುಹಿಸಿಕೊಟ್ಟ. ಅದರಲ್ಲಿರುವುದು 2001ರಲ್ಲಿ ಬಂದು 2014ರಲ್ಲಿ ತಯಾರಕರ ಆರೈಕೆಯನ್ನು ಕಳೆದುಕೊಂಡ ವಿಂಡೋಸ್ ಎಕ್ಸ್‌ಪಿ. ಇಂಟರ್‌ನೆಟ್ಟಿಗೆ ಜೋಡಿಸಲು ಅದು ಈಗ ತಕ್ಕುದಲ್ಲ. ಆದರೆ ಮಾಸ್ತರರಿಗೆ ಇಂಟರ್‌ನೆಟ್ಟು ಬೇಕಾಗಿಯೂ ಇಲ್ಲ. ಮಗಳ ಮದುವೆಯ ಚಿತ್ರಗಳು, ನುಡಿ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿದ ಮನೆತನದ ಚರಿತ್ರೆ, ಎಲ್ಲಕ್ಕಿಂತ ಮಿಗಿಲಾಗಿ ತೀರಿಹೋದ ತಾಯಿಯ ಕಂಠದಲ್ಲಿ ಹಿಡಿದಿಟ್ಟ ಹದಿನೇಳು ಬೀಸುಕಲ್ಲಿನ ಪದಗಳು, ಎಲ್ಲವೂ ಆ ಪೆಟ್ಟಿಗೆಯಲ್ಲಿಯೇ ಇವೆ.

ಈಚೀಚೆಗೆ ಯಂತ್ರ ಆಮೆಯ ನಡಿಗೆಯನ್ನು ಕಲಿತಿದೆ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆ ಅಣಿಯಾಗಿರುವುದಿಲ್ಲ. ಡಿಸ್ಕನ್ನು ಡಿಫ್ರಾಗ್ ಮಾಡಿದರೆ ಸರಿಹೋಗುತ್ತದೆಂದು ಯಾರೋ ಹೇಳಿದರು. ಮಾಸ್ತರರು ಆ ಸಾಧನವನ್ನು ತೆರೆದು ಗುಂಡಿ ಒತ್ತಿದರು. ಅದು ಕೆಲಸವನ್ನಾರಂಭಿಸುವ ಬದಲು ಒಂದು ಸೂಚನೆಯನ್ನು ತೋರಿಸಿ ಸುಮ್ಮನಾಯಿತು. ಈ ಡಿಸ್ಕಿಗೆ ‘ಚೆಕ್ ಡಿಸ್ಕ್’ ಪರೀಕ್ಷೆ ನಿಗದಿಯಾಗಿದೆ, ಮೊದಲು ಅದನ್ನು ನಡೆಸಬೇಕು ಎಂಬುದು ಅದರ ತಾತ್ಪರ್ಯ. ಮತ್ತೊಮ್ಮೆ ಒತ್ತಿದರು, ಅದೇ ಉತ್ತರ. ಮೂರನೆಯ ಸಲಕ್ಕೆ ಮಾಸ್ತರರ ತಾಳ್ಮೆ ತಪ್ಪಿತು.

ಯಂತ್ರ ಹಟ ಹಿಡಿದಿದೆಯೆಂದೇ ಇಂಥ ಸಂದರ್ಭದಲ್ಲಿ ಎಲ್ಲರಿಗೂ ತೋರುವುದು. ವಾಸ್ತವದಲ್ಲಿ ಅದು ಮನೆಯವರಿಗೆ ಒಂದು ಉಪಕಾರವನ್ನು ಮಾಡುತ್ತಿರುತ್ತದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ, ಈ ಡಿಫ್ರಾಗ್ ಎಂಬುದರ ಸ್ವರೂಪವೇನೆಂದು ಸ್ವಲ್ಪ ನೋಡಬೇಕು. ಖಾನಾಪುರದ ರೈತನಿಗೆ ಇದನ್ನು ತಿಳಿಸಲು ಹೆಚ್ಚು ಹೊತ್ತು ಬೇಡ. ಗದ್ದೆಯ ಮಾತಿನಲ್ಲಿ ಹೇಳಿದರೆ ಸಾಕು.

ನಾಲ್ಕು ಕಡೆ ಹೊಲ, ಒಬ್ಬನೇ ಒಡೆಯ

ತಂದೆಗೆ ಭತ್ತದ ಗದ್ದೆ ಮೂರು ಕಡೆ ಇದ್ದವೆನ್ನಿ. ಒಂದು ನೀರಿನ ಹತ್ತಿರದ ಒಳ್ಳೆಯ ನೆಲ, ಒಂದು ಮಧ್ಯಮ, ಇನ್ನೊಂದು ಕಾಡಂಚಿನ ಬರಡು. ಮಕ್ಕಳು ನಾಲ್ವರು. ಒಳ್ಳೆಯದನ್ನು ಒಬ್ಬನಿಗೂ ಬರಡನ್ನು ಇನ್ನೊಬ್ಬನಿಗೂ ಕೊಡುವುದು ನ್ಯಾಯವಲ್ಲವೆಂದು, ಮೂರನ್ನೂ ನಾಲ್ಕು ನಾಲ್ಕಾಗಿ ಸೀಳುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಒಬ್ಬೊಬ್ಬನ ಹಿಡುವಳಿ ಹತ್ತು ಕಡೆ ಚದುರಿರುತ್ತದೆ. ಭೂಮಿ ಕಡಿಮೆಯಾಗಿಲ್ಲ, ಎತ್ತು ನೇಗಿಲುಗಳನ್ನು ಹೊಡೆದುಕೊಂಡು ತುಂಡಿನಿಂದ ತುಂಡಿಗೆ ನಡೆಯುವುದರಲ್ಲಿಯೇ ದಿನ ಕಳೆಯುತ್ತದೆ. ಈ ಅನಿಷ್ಟವನ್ನು ತಡೆಯುವುದಕ್ಕಾಗಿಯೇ ಮುಂಬಯಿ ಸರಕಾರ 1947ರಲ್ಲಿ, ಹಿಡುವಳಿಗಳು ಛಿದ್ರವಾಗುವುದನ್ನು ನಿಲ್ಲಿಸಿ ಅವುಗಳನ್ನು ಒಂದುಗೂಡಿಸುವ ಕಾಯಿದೆಯನ್ನು ತಂದಿತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿಯಲ್ಲಿ ಇದಕ್ಕೆ ತುಕಡೇಬಂದಿ ಎಂದು ಹೆಸರು.

ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಇದೇ. ಡಿಸ್ಕಿನೊಳಗೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ ಓದುವ ತಲೆಯೊಂದು ಆಚೀಚೆ ಓಡಾಡುತ್ತದೆ. ತಟ್ಟೆಯ ಜಾಗವನ್ನು ಸಣ್ಣ ಸಣ್ಣ ಮಡಿಗಳನ್ನಾಗಿ ಪಾಲು ಮಾಡಲಾಗಿದೆ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಒಂದು ಮಡಿಗೆ 4096 ಬೈಟುಗಳು. ಒಂದು ಚಿತ್ರವನ್ನೋ ಹಾಡನ್ನೋ ಬರೆಯುವಾಗ ಬೇಕಾದಷ್ಟು ಮಡಿಗಳು ಒಂದರ ಪಕ್ಕ ಒಂದು ಖಾಲಿ ಇದ್ದರೆ ಸರಿ. ಇಲ್ಲದಿದ್ದರೆ ಯಂತ್ರ ಅದನ್ನು ತುಂಡು ಮಾಡಿ, ಹಿಂದೆ ಅಳಿಸಿಹಾಕಿದ ಫೈಲುಗಳು ಬಿಟ್ಟುಹೋದ ಸಂದುಗಳಲ್ಲಿ ತುರುಕುತ್ತದೆ. ಯಾವ ತುಂಡು ಎಲ್ಲಿದೆಯೆಂಬ ಲೆಕ್ಕ ಒಂದು ಸೂಚಿಯಲ್ಲಿರುತ್ತದೆ. ಈ ಸೂಚಿಯೇ ತಲಾಠಿಯ ದಫ್ತರವೆಂದು ತಿಳಿದರೆ ತಪ್ಪಿಲ್ಲ. ಪ್ರತಿಯೊಂದು ಫೈಲಿಗೂ ಅಲ್ಲಿ ಒಂದು ಉತಾರ ಇರುತ್ತದೆ.

ತಲೆ ಒಂದು ತುಂಡಿನಿಂದ ಇನ್ನೊಂದಕ್ಕೆ ಹಾರಿ, ತಟ್ಟೆ ತಿರುಗಿ ಆ ಮಡಿ ಕೆಳಗೆ ಬರುವವರೆಗೆ ಕಾಯಲು ಸುಮಾರು 15 ಮಿಲಿಸೆಕೆಂಡು ಹಿಡಿಯುತ್ತದೆ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು, ಅದನ್ನು ಯಾರು ಲೆಕ್ಕಿಸುತ್ತಾರೆ? ಆದರೆ ಒಂದು ಚಲನಚಿತ್ರ ಸಾವಿರ ತುಂಡಾಗಿ ಬಿದ್ದಿದ್ದರೆ, ಬರಿಯ ಓಡಾಟಕ್ಕೇ 15 ಸೆಕೆಂಡು ಕಳೆಯಿತು. ಚದುರಿದ ಈ ತುಂಡುಗಳನ್ನು ಎತ್ತಿ ಸಾಲಾಗಿ ಜೋಡಿಸುವ ಕೆಲಸವೇ ಡಿಫ್ರಾಗ್. ಎಕ್ಸ್‌ಪಿಯ ಪರದೆಯಲ್ಲಿ ಕೆಂಪು ಗೆರೆಗಳು ಚದುರಿದ ಫೈಲುಗಳು, ನೀಲಿ ಕೂಡಿರುವಂಥವು, ಬಿಳಿ ಖಾಲಿ ಜಾಗ. ನಡುವೆ ಕಾಣುವ ಹಸಿರು ಮಾತ್ರ ಕದಲಿಸಲಾಗದ ಫೈಲುಗಳದು. ಯಂತ್ರ ತನ್ನ ಸ್ವಂತ ಉಪಯೋಗಕ್ಕೆ ಇರಿಸಿಕೊಂಡ ಜಾಗ ಅದು, ಊರ ಗಾಂವಠಾಣದಂತೆ. ಎಷ್ಟು ಸಲ ಡಿಫ್ರಾಗ್ ಮಾಡಿದರೂ ಹಸಿರು ಸರಿಯಲಿಲ್ಲವೆಂದು ಕೊರಗುವವರಿದ್ದಾರೆ. ಅದು ದೋಷವೇ ಅಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಬೆಳಗಾವಿ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಎರಡು ತಿಂಗಳೂ ಮುಂಚಿತವಲ್ಲದ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಜಗತ್ತಿನ ಮೊದಲ ಹಾರ್ಡ್ ಡಿಸ್ಕುಳ್ಳ ರಾಮಾಕ್ ಯಂತ್ರವನ್ನು ಪ್ರಕಟಿಸಿತು. 24 ಅಂಗುಲ ಅಗಲದ 50 ತಟ್ಟೆಗಳ ಆ ದೈತ್ಯ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಚಿತ್ರ ಅದರಲ್ಲಿ ಹಿಡಿಸುವುದೇ ಕಷ್ಟ. ಮನೆಯ ಕಂಪ್ಯೂಟರುಗಳಿಗೆ ಡಿಫ್ರಾಗ್ ಸಾಧನ ಸರ್ವಸಾಮಾನ್ಯವಾದದ್ದು 1993ರ ಎಂಎಸ್-ಡಾಸ್ 6ರಿಂದ. ಮೈಕ್ರೋಸಾಫ್ಟ್ ಅದನ್ನು ಸ್ವತಃ ಬರೆಯದೆ, ಸಿಮ್ಯಾಂಟೆಕ್ ಸಂಸ್ಥೆಯಿಂದ ಪಡೆದು ಸೇರಿಸಿತ್ತು. ಮುಂದೆ ವಿಂಡೋಸ್ 98ರ ಕಾಲದಲ್ಲಿ, ಬಣ್ಣದ ಚೌಕಗಳು ಒಂದೊಂದಾಗಿ ಜರುಗಿ ಕೂಡಿಕೊಳ್ಳುವುದನ್ನು ನೋಡುತ್ತ ಕೂಡ್ರುವುದೇ ಎಷ್ಟೋ ಮನೆಗಳಲ್ಲಿ ಒಂದು ವಿನೋದವಾಗಿತ್ತು.

ಯಂತ್ರ ಏಕೆ ಒಲ್ಲೆನೆನ್ನುತ್ತದೆ?

ಮಾಸ್ತರರ ತೊಂದರೆಗೆ ಮರಳೋಣವಾಗಲಿ. ಖಾನಾಪುರ ಕಾಡಿನ ತಾಲೂಕು. ಮಳೆಗಾಲದಲ್ಲಿ ಮರ ಉರುಳಿ ತಂತಿ ಹರಿದು ದೀಪಗಳು ಆರುವುದು ಹೊಸ ಸಂಗತಿಯಲ್ಲ. ಯಂತ್ರ ಸೂಚಿಯಲ್ಲಿ ಏನನ್ನೋ ಬರೆಯುತ್ತಿರುವ ಹೊತ್ತಿನಲ್ಲಿಯೇ ವಿದ್ಯುತ್ತು ಹೋದರೆ, ಆ ದಾಖಲೆ ಅರೆಬರೆಯಾಗಿ ಉಳಿದಿರಬಹುದು. ಅಂಥ ಸಂಶಯ ಬಂದೊಡನೆ ವಿಂಡೋಸ್ ಆ ಡಿಸ್ಕಿನ ಮೇಲೆ ‘ಶುದ್ಧವಲ್ಲ’ ಎಂಬ ಗುರುತನ್ನಿಟ್ಟು, ಮುಂದಿನ ಸಲ ಯಂತ್ರ ಹೊತ್ತುವಾಗ ಪರೀಕ್ಷೆ ನಡೆಯತಕ್ಕದ್ದೆಂದು ಬರೆದುಕೊಳ್ಳುತ್ತದೆ. ಆ ಗುರುತು ಅಳಿಯುವವರೆಗೆ ಡಿಫ್ರಾಗ್ ಸಾಧನ ಒಂದು ಮಡಿಯನ್ನೂ ಮುಟ್ಟುವುದಿಲ್ಲ.

ಇದು ಎಷ್ಟು ಯುಕ್ತವಾದ ನಡತೆ! ಉತಾರದಲ್ಲಿ ಒಂದು, ಹೊಲದಲ್ಲಿ ಇನ್ನೊಂದು ಇರುವಾಗ ಯಾವ ಮೋಜಣಿದಾರ ಗಡಿಕಲ್ಲುಗಳನ್ನು ಕಿತ್ತು ಬೇರೆಡೆ ನೆಟ್ಟಾನು? ನೆಟ್ಟರೆ ಒಬ್ಬನ ಭೂಮಿ ಇನ್ನೊಬ್ಬನ ಹೆಸರಿಗೆ ಹೋದೀತು. ಸೂಚಿ ತಪ್ಪಾಗಿರುವ ಡಿಸ್ಕಿನ ತುಂಡುಗಳನ್ನು ಎತ್ತಿ ಬೇರೆ ಕಡೆ ಇರಿಸಿದರೆ, ಬೀಸುವ ಪದದ ಜಾಗದಲ್ಲಿ ಮದುವೆಯ ಚಿತ್ರದ ಚೂರು ಕುಳಿತು ಎರಡೂ ಕೆಟ್ಟುಹೋಗಬಹುದು.

ಹಾಗಾದರೆ ಪರೀಕ್ಷೆ ತಾನಾಗಿಯೇ ನಡೆದು ಮುಗಿಯಬೇಕಾಗಿತ್ತಲ್ಲ? ಅಲ್ಲಿಯೇ ಇದೆ ಮರ್ಮ. ಯಂತ್ರ ಹೊತ್ತುವಾಗ ನೀಲಿ ಪರದೆಯ ಮೇಲೆ, ಪರೀಕ್ಷೆ ಬೇಡವಾದರೆ 10 ಸೆಕೆಂಡಿನೊಳಗೆ ಯಾವುದಾದರೊಂದು ಕೀಲಿಯನ್ನು ಒತ್ತಿರೆಂಬ ಸೂಚನೆ ಬರುತ್ತದೆ. ಆಟಕ್ಕೆ ಕಾತರಿಸುತ್ತಿರುವ ಮೊಮ್ಮಗ ಅದನ್ನು ತಪ್ಪದೆ ಒತ್ತುತ್ತಾನೆ. ಮೊಮ್ಮಗನೇ ಏಕೆ, ದೊಡ್ಡವರೂ ಒತ್ತುತ್ತಾರೆ. ತಿಂಗಳುಗಟ್ಟಲೆ ಹೀಗೆ ಮುಂದೂಡಿದ ಪರೀಕ್ಷೆಯೇ ಕೊನೆಗೆ ಡಿಫ್ರಾಗನ್ನು ಅಡ್ಡಗಟ್ಟಿ ನಿಲ್ಲುವುದು.

ಎರಡನೆಯ ಕಾರಣ ಸ್ಥಳಾಭಾವ. ಕಿಕ್ಕಿರಿದ ಕಣಜದಲ್ಲಿ ಚೀಲಗಳನ್ನು ಸರಿಯಾಗಿ ಪೇರಿಸಬೇಕಾದರೆ, ಕೆಲವನ್ನು ತೆಗೆದಿಡಲು ಮೂಲೆಯಲ್ಲಾದರೂ ನೆಲ ಬೇಕಷ್ಟೆ. ಎಕ್ಸ್‌ಪಿಯ ಸಾಧನಕ್ಕೆ ಡಿಸ್ಕಿನ ಶೇಕಡಾ 15ರಷ್ಟು ಖಾಲಿ ಇದ್ದರೆ ಮಾತ್ರ ಕೆಲಸ ಪೂರ್ತಿಯಾದೀತು. 80 ಗಿಗಾಬೈಟಿನ ಡಿಸ್ಕಿನಲ್ಲಿ ಅದು 12 ಗಿಗಾಬೈಟಾಯಿತು. ಮನೆಯ ಯಂತ್ರಗಳಲ್ಲಿ ಒಂದೇ ಚಿತ್ರ ಮೂರು ಕಡೆ ನಕಲಾಗಿರುತ್ತದೆ, ಕಸದ ಬುಟ್ಟಿಯನ್ನು ವರ್ಷಗಟ್ಟಲೆ ಬರಿದುಮಾಡಿರುವುದಿಲ್ಲ. ಅದನ್ನು ತೆರವುಗೊಳಿಸದೆ ಡಿಫ್ರಾಗಿಗೆ ಕೈ ಹಾಕಿದರೆ, ಕೆಂಪು ಗೆರೆಗಳು ಇದ್ದಂತೆಯೇ ಉಳಿಯುತ್ತವೆ.

ಡಿಸ್ಕಿನ ಮೇಲೆ ಇತರರು ಬರೆಯುತ್ತಿರುವುದು ಇನ್ನೊಂದು ಅಡಚಣೆ. ವಿಂಡೋಸ್ 98ರಲ್ಲಿ ಯಾವುದೊಂದು ಕಾರ್ಯಕ್ರಮ ಒಂದಕ್ಷರ ಬರೆದರೂ ಡಿಫ್ರಾಗ್ ಮೊದಲಿನಿಂದ ಆರಂಭವಾಗುತ್ತಿತ್ತು. ಶೇಕಡಾ 10ಕ್ಕೆ ಬಂದು ಮತ್ತೆ ಸೊನ್ನೆಗೆ ಇಳಿಯುವ ಆ ಕಾಟದಿಂದ ಪಾರಾಗಲು ಜನ ಯಂತ್ರವನ್ನು ಸೇಫ್ ಮೋಡಿನಲ್ಲಿ ಹೊತ್ತಿಸುತ್ತಿದ್ದರು. ನಂತರದ ವಿಂಡೋಸುಗಳು ಅಷ್ಟು ಮುಂಗೋಪಿಗಳಲ್ಲ. ಆದರೂ ವೈರಸ್ ನಿವಾರಕದ ತಪಾಸಣೆ ನಡೆಯುತ್ತಿರುವಾಗ ಡಿಫ್ರಾಗ್ ಎಳೆದಾಡುವುದುಂಟು.

ಕಡೆಯ ಕಾರಣವೇ ಗಂಡಾಂತರದ್ದು. ಒಂದೇ ಶೇಕಡಾವಾರಿನಲ್ಲಿ ಗಂಟೆಗಟ್ಟಲೆ ನಿಂತು, ಪೆಟ್ಟಿಗೆಯೊಳಗಿಂದ ‘ಟಕ್, ಟಕ್’ ಎಂಬ ಸಪ್ಪಳ ಕೇಳಿಬಂದರೆ, ತಟ್ಟೆಯ ಮೈಯೋ ಓದುವ ತಲೆಯೋ ಸವೆದಿದೆಯೆಂದು ಅನುಮಾನಿಸಬೇಕು. ಆಗ ಡಿಫ್ರಾಗ್ ಔಷಧವಲ್ಲ, ಅಪಾಯ. ಹಾಸಿಗೆ ಹಿಡಿದವನಿಗೆ ಗರಡಿಯ ಸಾಮು ಮಾಡಿಸಿದಂತೆ ಅದು ಡಿಸ್ಕಿನ ಮೂಲೆಮೂಲೆಯನ್ನೂ ದುಡಿಸುತ್ತದೆ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಡುತ್ತವೆ. ಸ್ಮಾರ್ಟ್ ಎಂದು ಅದರ ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಕೆಟ್ಟ ಮಡಿಗಳ ಸಂಖ್ಯೆ ಅಲ್ಲಿ ಏರುತ್ತಿದ್ದರೆ ಡಿಸ್ಕಿನ ದಿನಗಳು ಎಣಿಕೆಗೆ ಬಂದವೆಂದೇ ಅರ್ಥ.

ಬೆಳಗಾವಿಗೆ ಪ್ರಯಾಣ

ಮಾಸ್ತರರಿಗೆ ಸಪ್ಪಳದ ಅನುಮಾನ ಬಂದದ್ದು ಅಂದಿನ ರಾತ್ರಿ, ಮಳೆ ನಿಂತು ಮನೆ ನಿಶ್ಶಬ್ದವಾದಾಗ. ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಯಂತ್ರ ಆರಿದ್ದಾಗ ಓದುವ ತಲೆ ತನ್ನ ಠಾವಿನಲ್ಲಿ ವಿಶ್ರಮಿಸುತ್ತಿರುತ್ತದಾದ್ದರಿಂದ ಬಸ್ಸಿನ ಕುಲುಕಾಟಕ್ಕೆ ಅಷ್ಟಾಗಿ ಹೆದರಬೇಕಾಗಿಲ್ಲ. ಆದರೂ ಕೌದಿ ಸುತ್ತಿದ್ದು ಒಳ್ಳೆಯದೇ ಆಯಿತು.

ಕಾಲೇಜು ರಸ್ತೆಯ ಕಡೆಯ ಒಂದು ಸಣ್ಣ ಅಂಗಡಿ. ದುರಸ್ತಿಯ ಹುಡುಗ ಪೆಟ್ಟಿಗೆಯನ್ನು ಬಿಚ್ಚಿ, ಕಿವಿಗೊಟ್ಟು ಆಲಿಸಿ, ಮೊದಲು ಕೇಳಿದ್ದು ಒಂದೇ ಪ್ರಶ್ನೆ.

“ಸರ, ಇದರಾಗಿಂದು ಬ್ಯಾರೇ ಕಡೆ ಕಾಪಿ ಐತೇನ್ರಿ?”

“ಇಲ್ಲಪಾ. ಎಲ್ಲಾ ಇದರಾಗ ಐತಿ.”

“ಹಂಗಾದ್ರ ಡಿಸ್ಕ್ ಜೋಡಸೂದು ಆಮ್ಯಾಲೆ ನೋಡೂಣ್ರಿ. ಮೊದಲ ಎಲ್ಲಾ ಹೊರಗ ತಗೀತೀನಿ.”

“ಅಂದ್ರ ಮಷೀನು ಹೋತೇನೋ ತಮ್ಮಾ?”

“ಮಷೀನ್ ಹೋದ್ರ ಮತ್ತೊಂದ ತರಬೌದ್ರಿ. ಅವ್ವಾರ ಹಾಡು ಎಲ್ಲಿಂದ ತರೋಣು?”

ಹುಡುಗ ಅನುಸರಿಸಿದ ಕ್ರಮವನ್ನು ಗಮನಿಸತಕ್ಕದ್ದಿದೆ, ಏಕೆಂದರೆ ಅವಸರದಲ್ಲಿ ಅನೇಕರು ಇದನ್ನೇ ತಿರುವುಮುರುವು ಮಾಡುತ್ತಾರೆ. ಚೆಕ್ ಡಿಸ್ಕನ್ನೂ ಅವನು ಮೊದಲು ನಡೆಸಲಿಲ್ಲ. ಆ ಪರೀಕ್ಷೆ ಸೂಚಿಯನ್ನು ನೇರ್ಪಡಿಸುವುದು ನಿಜ. ಆದರೆ ಅದಕ್ಕೆ ಮುಖ್ಯವಾದುದು ದಫ್ತರ ಸರಿಯಾಗುವುದೇ ಹೊರತು ಯಾರ ಹಾಡು ಉಳಿಯಿತೆಂಬುದಲ್ಲ. ಒಡೆಯನಿಲ್ಲದ ತುಂಡುಗಳನ್ನು ಅದು ‘ಫೌಂಡ್’ ಎಂಬ ಹೆಸರಿನ ಪೆಟ್ಟಿಗೆಯೊಂದರಲ್ಲಿ, ಬರಿಯ ಅಂಕಿಗಳ ಹೆಸರು ಕೊಟ್ಟು ಹಾಕಿಬಿಡುತ್ತದೆ. ಅವುಗಳಲ್ಲಿ ಯಾವುದು ಹಾಡು, ಯಾವುದು ಚಿತ್ರ ಎಂದು ಹುಡುಕುವುದು ಸಾಮಾನ್ಯರಿಂದಾಗದ ಕೆಲಸ. ಸವೆದ ಡಿಸ್ಕಿನಲ್ಲಂತೂ, ಕೆಟ್ಟ ಮಡಿಗಳನ್ನೆಲ್ಲ ಹುಡುಕುವ ದೀರ್ಘ ಪರೀಕ್ಷೆ ಇದ್ದ ಉಸಿರನ್ನೂ ತೆಗೆಯಬಹುದು. ಆದುದರಿಂದ ಹುಡುಗ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿ, ಎಲ್ಲಕ್ಕಿಂತ ಮೊದಲು ಹದಿನೇಳು ಪದಗಳನ್ನು, ಬಳಿಕ ಬರಹಗಳನ್ನು, ಕೊನೆಗೆ ಚಿತ್ರಗಳನ್ನು ನಕಲು ಮಾಡಿದ. ಹದಿನಾರು ಪದಗಳು ಸರಾಗವಾಗಿ ಬಂದವು. ಹದಿನೇಳನೆಯದು ಅರ್ಧದಲ್ಲಿ ನಿಂತಿತು. ಡಿಸ್ಕಿಗೆ ಸ್ವಲ್ಪ ಹೊತ್ತು ವಿಶ್ರಾಂತಿ ಕೊಟ್ಟು ಎರಡನೆಯ ಸಲ ಪ್ರಯತ್ನಿಸಿದಾಗ ಅದೂ ಬಂದಿತು.

ಇಷ್ಟಾದ ಮೇಲೆಯೇ ಚೆಕ್ ಡಿಸ್ಕ್. ಅದು ಮುಗಿಯುವವರೆಗೆ ವಿದ್ಯುತ್ತು ಹೋಗಬಾರದೆಂದು ಯಂತ್ರವನ್ನು ಯುಪಿಎಸ್ಸಿಗೆ ಜೋಡಿಸಲಾಗಿತ್ತು. ಡಿಫ್ರಾಗ್ ನಡೆಯುವಾಗ ದೀಪ ಆರಿದರೆ ಎಲ್ಲವೂ ನಾಶವಾದೀತೆಂಬ ಭಯ ಕೆಲವರಿಗುಂಟು. ಎನ್‌ಟಿಎಫ್‌ಎಸ್ ಎಂಬ ಈಗಿನ ಪದ್ಧತಿಯಲ್ಲಿ ತುಂಡನ್ನು ಹೊಸ ಜಾಗಕ್ಕೆ ನಕಲು ಮಾಡಿದ ನಂತರವೇ ಸೂಚಿಯಲ್ಲಿ ವಿಳಾಸ ಬದಲಾಗುವುದರಿಂದ ಆ ಭಯ ಬಹುಮಟ್ಟಿಗೆ ಅನವಶ್ಯಕ. ಆದರೆ ವಯಸ್ಸಾದ ಡಿಸ್ಕಿಗೆ ಹಠಾತ್ತನೆ ವಿದ್ಯುತ್ತು ನಿಲ್ಲುವುದು ಎಂದೂ ಹಿತವಲ್ಲ.

ಪರೀಕ್ಷೆಯಲ್ಲಿ ಕೆಟ್ಟ ಮಡಿಗಳು ಕಂಡುಬಂದವು. ಹೀಗಾಗಿ ಡಿಫ್ರಾಗ್ ನಡೆಯಲೇ ಇಲ್ಲ. ನಡೆಸುವ ಕಾರಣವೂ ಉಳಿದಿರಲಿಲ್ಲ.

ಇಲ್ಲಿ ಒಂದು ಕಟುಸತ್ಯವನ್ನು ಹೇಳಿಬಿಡಬೇಕು. ಯಂತ್ರ ನಿಧಾನವಾದೊಡನೆ ಡಿಫ್ರಾಗ್ ಮಾಡಬೇಕೆಂಬ ನಂಬಿಕೆ, ಅದಕ್ಕೆ ಸಲ್ಲುವುದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಪಡೆದಿದೆ. 512 ಮೆಗಾಬೈಟಿನ ಜ್ಞಾಪಕಶಕ್ತಿಯುಳ್ಳ ಯಂತ್ರದಲ್ಲಿ ಐದಾರು ಕಾರ್ಯಕ್ರಮಗಳನ್ನು ತೆರೆದಿಟ್ಟರೆ, ಡಿಸ್ಕನ್ನು ಎಷ್ಟು ಒಪ್ಪವಾಗಿ ಜೋಡಿಸಿದರೂ ವೇಗ ಬಾರದು. ವಿಂಡೋಸ್ ವಿಸ್ಟಾದಲ್ಲಿ ಬಣ್ಣದ ಗೆರೆಗಳನ್ನೇ ತೆಗೆದುಹಾಕಲಾಯಿತು. ಅಷ್ಟೇ ಅಲ್ಲ, 64 ಮೆಗಾಬೈಟಿಗಿಂತ ದೊಡ್ಡ ತುಂಡುಗಳನ್ನು ಕೂಡಿಸುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ಅವುಗಳನ್ನು ಹಾಗೆಯೇ ಬಿಡುವ ಕ್ರಮವೂ ಬಂದಿತು. ವಿಂಡೋಸ್ 7ರಲ್ಲಿ ಈ ಕೆಲಸಕ್ಕೆ ಬುಧವಾರ ರಾತ್ರಿ 1 ಗಂಟೆಯ ಮುಹೂರ್ತವನ್ನು ಇಡಲಾಗಿತ್ತು. ಆ ಹೊತ್ತಿಗೆ ಕಂಪ್ಯೂಟರು ಹೊತ್ತಿರುವ ಮನೆ ಖಾನಾಪುರದಲ್ಲಿ ಎಷ್ಟಿದ್ದಾವು?

ತಟ್ಟೆಯೇ ಇಲ್ಲದ ಡಿಸ್ಕು

ಮಾಸ್ತರರಿಗೆ ಹುಡುಗ ಸೂಚಿಸಿದ್ದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕುಳ್ಳ ಯಂತ್ರವನ್ನು. ಡಿಸ್ಕೆಂಬುದು ಅದಕ್ಕೆ ಹೆಸರಿಗೆ ಮಾತ್ರ. ಅದರಲ್ಲಿ ತಟ್ಟೆಯೂ ಇಲ್ಲ, ಓಡಾಡುವ ತಲೆಯೂ ಇಲ್ಲ, ಇರುವುದು ಬರಿಯ ಚಿಪ್ಪುಗಳು. ಎತ್ತು ನೇಗಿಲಿಲ್ಲದೆ, ನಿಂತಲ್ಲಿಂದಲೇ ಎಲ್ಲ ಹೊಲಗಳನ್ನೂ ಏಕಕಾಲಕ್ಕೆ ಮುಟ್ಟುವ ಒಕ್ಕಲಿಗನಿಗೆ ಹಿಡುವಳಿ ಎಷ್ಟು ತುಂಡಾಗಿದ್ದರೇನು? ಇಂಥ ಡಿಸ್ಕನ್ನು ಹಳೆಯ ಅಭ್ಯಾಸದಿಂದ ಪದೇ ಪದೇ ಡಿಫ್ರಾಗ್ ಮಾಡುವುದು ವ್ಯರ್ಥ ಮಾತ್ರವಲ್ಲ, ಹಾನಿಕರ ಕೂಡ. ಅದರ ಚಿಪ್ಪುಗಳ ಮೇಲೆ ಇಷ್ಟೇ ಸಲ ಬರೆಯಬಹುದೆಂಬ ಮಿತಿಯಿದೆ. ಸುಮ್ಮನೆ ಎತ್ತಿ ಇಟ್ಟಂತೆಲ್ಲ ಆಯುಸ್ಸು ಸವೆಯುತ್ತದೆ.

ವಿಂಡೋಸ್ 8ರಿಂದ ಈಚೆಗೆ ಆ ಸಾಧನದ ಹೆಸರೇ ‘ಆಪ್ಟಿಮೈಜ್’ ಎಂದಾಗಿದೆ. ತಟ್ಟೆಯ ಡಿಸ್ಕಾದರೆ ಅದು ಡಿಫ್ರಾಗ್ ಮಾಡುತ್ತದೆ. ಎಸ್‌ಎಸ್‌ಡಿಯಾದರೆ, ಅಳಿಸಿಹೋದ ಜಾಗ ಯಾವುದೆಂದು ಚಿಪ್ಪಿಗೆ ತಿಳಿಸುವ ‘ಟ್ರಿಮ್’ ಎಂಬ ಬೇರೆಯೇ ಕೆಲಸವನ್ನು ನಡೆಸುತ್ತದೆ. ಯಂತ್ರ ಬುದ್ಧಿವಂತನೆಂದು ಸಂಪೂರ್ಣ ನಂಬುವಂತಿಲ್ಲ. 2020ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 10ರ ಆವೃತ್ತಿ, ತಾನು ಈ ಕೆಲಸವನ್ನು ಕೊನೆಗೆ ಮಾಡಿದ್ದು ಯಾವಾಗೆಂಬುದನ್ನೇ ಮರೆತು, ಯಂತ್ರ ಹೊತ್ತಿದಾಗಲೆಲ್ಲ ಅದನ್ನೇ ಮಾಡತೊಡಗಿತ್ತು. ಎಸ್‌ಎಸ್‌ಡಿಗಳಿಗೂ ಅನವಶ್ಯಕವಾಗಿ ಡಿಫ್ರಾಗ್ ಆಗುತ್ತಿತ್ತೆಂದು ದೂರುಗಳು ಬಂದು, ಅದೇ ವರ್ಷ ದೋಷವನ್ನು ತಿದ್ದಲಾಯಿತು. ಎಸ್‌ಎಸ್‌ಡಿಗೆ ಇನ್ನೊಂದು ಅವಗುಣವೂ ಉಂಟು. ತಟ್ಟೆಯ ಡಿಸ್ಕು ಸಾಯುವ ಮೊದಲು ಅನೇಕ ವೇಳೆ ಟಕ್ ಟಕ್ ಎಂದು ಕೂಗಿ ಎಚ್ಚರಿಸುತ್ತದೆ. ಇದು ಸಪ್ಪಳವಿಲ್ಲದೆ ಕಣ್ಣು ಮುಚ್ಚಬಹುದು.

ಈ ಮಾತನ್ನು ಕೇಳಿದ ಮಾಸ್ತರರು ಹೊಸ ಯಂತ್ರದ ವಿಚಾರವನ್ನು ಮಗನ ಮೇಲೆ ಬಿಟ್ಟು, ಅಂಗಡಿಯಲ್ಲಿಯೇ ಎರಡು ಪೆನ್ ಡ್ರೈವುಗಳನ್ನು ಕೊಂಡರು. ಎರಡರಲ್ಲಿಯೂ ಹದಿನೇಳು ಪದಗಳು ಬಂದಿವೆಯೇ ಎಂದು ಒಂದೊಂದನ್ನೂ ಹಾಕಿಸಿ ಕೇಳಿದರು. ಹದಿನೇಳನೆಯ ಪದದ ನಡುವೆ ಹಿಂದಿದ್ದಂತೆಯೇ ಬೀಸುಕಲ್ಲು ಒಮ್ಮೆ ನಿಂತು, ಮುದುಕಿಯ ಕೆಮ್ಮು ಕೇಳಿ, ಮತ್ತೆ ಕಲ್ಲು ತಿರುಗಿತು. ಒಂದು ಪೆನ್ ಡ್ರೈವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು. ಇನ್ನೊಂದನ್ನು ಟಿಳಕವಾಡಿಯಲ್ಲಿರುವ ಮಗಳ ಮನೆಯಲ್ಲಿ, ದೇವರ ಕೋಣೆಯ ಕಪಾಟಿನಲ್ಲಿ ಇಡಲು ಕೊಟ್ಟು, ಸಂಜೆಯ ಬಸ್ಸಿಗೆ ಖಾನಾಪುರಕ್ಕೆ ಹೊರಟರು.